ಕಂಡದ್ದು ನಿಜ, ಕಾರಣ ಬೇರೆ: ಮೈಸೂರು–ಮಂಡ್ಯ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಚೀಟಿ ಸಾಲಿನಲ್ಲಿ, ಬೋರ್‌ವೆಲ್ ಲಾರಿ ಬಂದು ನಿಂತ ಹೊಲದಲ್ಲಿ, ಬ್ಯಾಂಕಿನ ಕೌಂಟರಿನ ಮುಂದೆ ದಿನವೂ ಕೇಳಿಬರುವ ಪ್ರಶ್ನೆಗಳಿವು. ತಪ್ಪು ನಂಬಿಕೆಗಳಲ್ಲಿ ಹೆಚ್ಚಿನವು ಬರೀ ಸುಳ್ಳಿನಿಂದ ಹುಟ್ಟಿದವಲ್ಲ. ಜನ ಕಣ್ಣಾರೆ ಏನೋ ಕಂಡಿರುತ್ತಾರೆ. ಕಂಡದ್ದು ನಿಜವೇ ಆಗಿರುತ್ತದೆ, ಅದಕ್ಕೆ ಹಚ್ಚಿದ ಕಾರಣ ಮಾತ್ರ ತಪ್ಪು. ಆದ್ದರಿಂದ ‘ಮೂಢನಂಬಿಕೆ’ ಎಂದು ತಳ್ಳಿಹಾಕದೆ, ಹಾಗೆ ಕಂಡದ್ದು ಯಾಕೆ, ಈಗ ಮಾಡಬೇಕಾದ್ದೇನು ಎಂಬುದನ್ನು ಬಿಡಿಸಿ ಹೇಳಿದ್ದೇವೆ.

ನಮ್ಮೂರಲ್ಲಿ ಮಂತ್ರ ಹಾಕಿ ಹಾವಿನ ವಿಷ ಇಳಿಸುತ್ತಾರೆ. ಎಷ್ಟೋ ಜನ ಬದುಕಿದ್ದಾರೆ. ಅದೂ ಸುಳ್ಳಾ?

ಬದುಕಿದ್ದು ಸುಳ್ಳಲ್ಲ. ಕಬ್ಬಿನ ಗದ್ದೆ, ಭತ್ತದ ಬದು, ಹುಲ್ಲಿನ ಬಣವೆಗಳ ಹತ್ತಿರ ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇರುವುದಿಲ್ಲ. ಕೆರೆಹಾವು, ನೀರುಹಾವು ಅಂಥವು. ವಿಷದ ಹಾವು ಕೂಡ ಕೆಲವು ಸಲ ಹಲ್ಲೂರಿದರೂ ವಿಷ ಬಿಡುವುದಿಲ್ಲ. ಇಂಥ ಕಡಿತಗಳಲ್ಲಿ ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಊರಿನವರ ನೆನಪಿನಲ್ಲಿ ಉಳಿಯುವುದು ಮಂತ್ರ ಹಾಕಿದವರ ಹೆಸರು.

ತೊಂದರೆ ಬರುವುದು ನಿಜವಾಗಿ ವಿಷ ಏರಿದಾಗ. ನಮ್ಮ ಕಡೆ ಜೀವಕ್ಕೆ ಕುತ್ತು ತರುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲೆರಡರ ವಿಷ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಕೊಳಕುಮಂಡಲವಾದರೆ ಕಚ್ಚಿದ ಜಾಗ ಊದಿಕೊಂಡು, ಮುಂದೆ ಕಿಡ್ನಿಯೂ ಕೈಕೊಡಬಹುದು. ಇದಕ್ಕೆಲ್ಲ ಮದ್ದು ಒಂದೇ, ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ಮಂತ್ರಕ್ಕೆಂದು ಕಳೆದ ಎರಡು ಗಂಟೆಯಲ್ಲಿ ಕೆಟ್ಟುಹೋದ ಕಿಡ್ನಿ ಆಮೇಲೆ ಎಷ್ಟು ಪ್ರತಿವಿಷ ಹಾಕಿದರೂ ತಕ್ಷಣ ಸರಿಹೋಗುವುದಿಲ್ಲ.

ಕಚ್ಚಿದ ಜಾಗದ ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕಲ್ಲವೇ?

ಕಟ್ಟಬಾರದು. ಬಿಗಿದರೆ ಕೈಕಾಲಿಗೆ ರಕ್ತ ನಿಂತು ಮಾಂಸ ಸಾಯುತ್ತದೆ. ಮಂಡಲದ ವಿಷ ಮೊದಲೇ ಅಲ್ಲಿನ ಮಾಂಸವನ್ನು ಕೊಳೆಸುತ್ತಿರುತ್ತದೆ, ಕಟ್ಟು ಅದನ್ನು ಇನ್ನಷ್ಟು ಕೆಡಿಸುತ್ತದೆ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಗಳಿಗೆಗೆ ಒಳಗೆ ನಿಂತಿದ್ದ ವಿಷವೆಲ್ಲ ಒಟ್ಟಿಗೆ ಮೈಗೆ ಹರಿದು, ಅಲ್ಲಿಯವರೆಗೆ ಮಾತಾಡುತ್ತಿದ್ದವರು ಕುಸಿದುಬೀಳುವುದೂ ಉಂಟು. ದಾರಿಯಲ್ಲಿ ಯಾರೋ ಕಟ್ಟಿಬಿಟ್ಟಿದ್ದರೆ ನೀವಾಗಿ ಬಿಚ್ಚಬೇಡಿ, ವೈದ್ಯರ ಮುಂದೆಯೇ ಬಿಚ್ಚಿಸಿ. ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು, ಮೆಣಸಿನಕಾಯಿ ತಿನ್ನಿಸಿ ಖಾರ ಗೊತ್ತಾಗುತ್ತದೆಯೇ ಎಂದು ನೋಡುವುದು, ಇವೆಲ್ಲ ಸಮಯ ಹಾಳು ಮಾಡುವ ಕೆಲಸ. ರಕ್ತ ಹೆಪ್ಪುಗಟ್ಟದವರ ಮೈಮೇಲೆ ಬ್ಲೇಡು ಆಡಿಸಿದರೆ ರಕ್ತ ನಿಲ್ಲುವುದೇ ಇಲ್ಲ.

ಮಾಡಬೇಕಾದ್ದು ಇಷ್ಟು. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ ತಕ್ಷಣ ತೆಗೆಯಿರಿ, ಊತ ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಮೂಳೆ ಮುರಿದವರಿಗೆ ಕಟ್ಟುವಂತೆ ಕಾಲಿನ ಎರಡೂ ಪಕ್ಕ ಕೋಲೋ ರಟ್ಟೋ ಇಟ್ಟು, ಬೆರಳು ನುಸುಳುವಷ್ಟು ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ, ಓಡಿಸಬೇಡಿ. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಗಾಡಿ ಬರುವುದು ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷ ಈ ನಾಲ್ಕೂ ಹಾವುಗಳಿಗೆ ಸೇರಿ ಒಂದೇ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಸುಮ್ಮನೆ ಇಡುತ್ತಾರೆ, ಬೇಗ ಇಂಜೆಕ್ಷನ್ ಕೊಡುವುದಿಲ್ಲ, ಯಾಕೆ?

ಆ ‘ಸುಮ್ಮನೆ ಇಡುವುದೇ’ ಪರೀಕ್ಷೆ. ಒಣಗಿದ ಸ್ವಚ್ಛ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ವಾಲಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ಮೊದಲ ಸಲ ಸರಿ ಇದ್ದರೂ ಮತ್ತೆ ಮತ್ತೆ ಮಾಡುತ್ತಾರೆ. ಅದಕ್ಕೇ ಒಂದು ದಿನವಾದರೂ ಇರಿಸಿಕೊಳ್ಳುವುದು. ಹಾಗಿರುವಾಗ ‘ಏನೂ ಆಗಿಲ್ಲವಲ್ಲ’ ಎಂದು ಎಬ್ಬಿಸಿಕೊಂಡು ಹೋಗಬೇಡಿ.

ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅಲರ್ಜಿಯಾಗಿ ಮೈ ತುರಿಕೆ, ಗಂಧೆ, ಉಸಿರುಕಟ್ಟುವಿಕೆ ಬರಬಹುದು. ವಿಷ ಏರಿದ ಗುರುತಿಲ್ಲದೆ ಅದನ್ನು ಕೊಡದಿರುವುದು ಈ ಕಾರಣಕ್ಕೆ. ಗುರುತು ಕಂಡರೆ ಸಾಮಾನ್ಯವಾಗಿ 8ರಿಂದ 10 ವಯಲ್ ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಏರಿಸುತ್ತಾರೆ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ, ಏಕೆಂದರೆ ಹಾವು ಬಿಡುವ ವಿಷ ಆಳಿನ ತೂಕ ನೋಡಿ ಕಮ್ಮಿಯಾಗುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ರಾತ್ರಿ ಯಾವ ಹಾವೂ ಕಚ್ಚಲಿಲ್ಲ, ಬೆಳಿಗ್ಗೆ ಹೊಟ್ಟೆನೋವು, ಕಣ್ಣು ಬಿಡಲು ಆಗುತ್ತಿಲ್ಲ. ಗ್ಯಾಸ್ಟ್ರಿಕ್ಕಾ?

ನೆಲದ ಮೇಲೆ ಮಲಗಿದ್ದವರಾದರೆ ಮೊದಲು ಕಟ್ಟುಹಾವನ್ನೇ ಶಂಕಿಸಿ. ಅದರ ಹಲ್ಲು ಸಣ್ಣದು. ಕಡಿತ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದಿರಬಹುದು, ಗಾಯ ಹುಡುಕಿದರೂ ಸಿಗದಿರಬಹುದು. ಹೊಟ್ಟೆನೋವಿನ ಜೊತೆ ರೆಪ್ಪೆ ಜೋಲುತ್ತಿದ್ದರೆ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೊರಡಿ. ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಹಾವು ಒಳಗೆ ಬರುವುದು ತಪ್ಪುತ್ತದೆ.

ತೆಂಗಿನಕಾಯಿ ಅಂಗೈ ಮೇಲೆ ನೆಟ್ಟಗೆ ನಿಂತ ಕಡೆಯೇ ಬೋರ್ ಕೊರೆಸಿದೆವು, ನೀರು ಬಂತು. ಇನ್ನೇನು ಬೇಕು?

ಕಾಯಿ ಎದ್ದು ನಿಂತದ್ದು ನಿಜ, ನೀರು ಹುಡುಕಲು ಹಿಡಿಯುವ ಕವೆಗೋಲು ತಿರುಗಿದ್ದೂ ನಿಜ. ಹಿಡಿದವರು ಮೋಸ ಮಾಡುತ್ತಿದ್ದಾರೆ ಎಂದೇನಲ್ಲ. ತಾನಾಗಿ ಮಾಡುತ್ತಿದ್ದೇನೆಂದು ತಿಳಿಯದಂತೆ ಕೈಯ ಸ್ನಾಯು ಸೂಕ್ಷ್ಮವಾಗಿ ಆಡಬಲ್ಲದು. ತಾವಾಗಿ ತಿರುಗುತ್ತವೆ ಎನ್ನಲಾಗುತ್ತಿದ್ದ ಮೇಜುಗಳನ್ನು 1853ರಲ್ಲಿ ಮೈಕೆಲ್ ಫ್ಯಾರಡೆ ಪರೀಕ್ಷಿಸಿ, ತಳ್ಳುತ್ತಿರುವುದು ಸುತ್ತ ಕೂತವರ ಕೈಗಳೇ, ಅವರಿಗೇ ಅದು ಗೊತ್ತಿಲ್ಲ ಎಂದು ತೋರಿಸಿದ್ದರು. ಹಸಿ ಕವೆಗೋಲನ್ನು ಬಿಗಿಹಿಡಿದಾಗ ಅದು ಸ್ಪ್ರಿಂಗಿನಂತಾಗಿರುತ್ತದೆ. ಮಣಿಕಟ್ಟು ಕೂದಲೆಳೆಯಷ್ಟು ಹೊರಳಿದರೂ ಕೋಲು ಗಿರ್ರನೆ ತಿರುಗುತ್ತದೆ. ಅನುಭವಸ್ಥರ ಕಣ್ಣು ತಗ್ಗು, ಹಸಿರು, ಹುತ್ತ, ಪಕ್ಕದ ಹೊಲದ ಬೋರು ಇವನ್ನೆಲ್ಲ ಮೊದಲೇ ಗಮನಿಸಿರುತ್ತದೆ, ಕೈ ಅಲ್ಲಿ ಆಡುತ್ತದೆ.

ನೀರು ಬರುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮದು ಗಟ್ಟಿ ಬಂಡೆಯ ನೆಲ, ಗ್ರಾನೈಟ್ ಮತ್ತು ನೈಸ್ ಶಿಲೆ. ನೀರು ನದಿಯಂತೆ ಒಳಗೆ ಹರಿಯುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಂಡೆಯ ಬಿರುಕುಗಳಲ್ಲಿ ನಿಂತಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಎಲ್ಲಿ ಕೊರೆದರೂ ಸ್ವಲ್ಪ ನೀರು ಸಿಗುವ ಸಂಭವ ಹೆಚ್ಚು, ಕಾಯಿ ಇಟ್ಟರೂ ಸರಿ, ಇಡದಿದ್ದರೂ ಸರಿ. ನಾಗಮಂಗಲದ ಎತ್ತರದ ಒಣ ನೆಲದಲ್ಲಿ ಅದೇ ಕಾಯಿ ಅಷ್ಟು ಸುಲಭಕ್ಕೆ ಗೆಲ್ಲುವುದಿಲ್ಲ. ಒಣಗಿದ ಬೋರಿನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ದುಡ್ಡು ಹಾಕುವ ಮುಂಚೆ ಭೂವಿಜ್ಞಾನಿಯಿಂದ ವಿದ್ಯುತ್ ರೋಧ ಪರೀಕ್ಷೆ ಮಾಡಿಸಿ. ನಾಲ್ಕು ಕಬ್ಬಿಣದ ಕಡ್ಡಿಗಳನ್ನು ಒಂದೇ ಗೆರೆಯಲ್ಲಿ ನೆಟ್ಟು, ಹೊರಗಿನ ಎರಡರಿಂದ ಕರೆಂಟ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಕಡ್ಡಿಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳದ ವಿಷಯ ತಿಳಿಯುತ್ತದೆ. ಬಿರುಕಿಲ್ಲದ ಬಂಡೆಯಲ್ಲಿ ರೋಧ ಬಹಳ ಜಾಸ್ತಿ, ನೀರು ಕುಡಿದ ಶಿಥಿಲ ಪದರದಲ್ಲಿ ಕಮ್ಮಿ. ಜೇಡಿಮಣ್ಣಿಗೂ ರೋಧ ಕಮ್ಮಿ ಇರುವುದರಿಂದ ಈ ಪರೀಕ್ಷೆಯೂ ಕೆಲವೊಮ್ಮೆ ತಪ್ಪುತ್ತದೆ. ಅಕ್ಕಪಕ್ಕದ ಬೋರುಗಳ ಆಳ, ನೀರು ಸಿಕ್ಕ ಅಡಿ, ಈಗಿನ ಇಳುವರಿ ಬರೆದು ಕೊಟ್ಟರೆ ತಪ್ಪುವುದು ಕಡಿಮೆಯಾಗುತ್ತದೆ. ನೂರು ಪ್ರತಿಶತ ಗ್ಯಾರಂಟಿ ಕೊಡುವವರನ್ನು, ಅವರ ಕೈಯಲ್ಲಿ ಕಾಯಿ ಇರಲಿ ಯಂತ್ರ ಇರಲಿ, ನಂಬಬೇಡಿ.

ನೀರು ಕಮ್ಮಿಯಾಗಿದೆ. ಐದು ಎಚ್‌ಪಿ ತೆಗೆದು ಹತ್ತು ಎಚ್‌ಪಿ ಮೋಟರ್ ಇಳಿಸಿದರೆ ಸರಿಹೋಗುತ್ತದಾ?

ಮೊದಲ ಕೆಲವು ನಿಮಿಷ ಜೋರಾಗಿ ಬರುತ್ತದೆ, ಅದನ್ನು ನೋಡಿಯೇ ಈ ನಂಬಿಕೆ ಬೆಳೆದದ್ದು. ಆಗ ಬರುವುದು ಕೇಸಿಂಗಿನೊಳಗೆ ಶೇಖರವಾಗಿದ್ದ ನೀರು. ಆಮೇಲೆ ಬಿರುಕುಗಳಿಂದ ಒಸರುವಷ್ಟೇ ಬರಬೇಕು, ಮೋಟರ್ ದೊಡ್ಡದಾದ ಮಾತ್ರಕ್ಕೆ ಬಿರುಕು ದೊಡ್ಡದಾಗುವುದಿಲ್ಲ. ಸಬ್‌ಮರ್ಸಿಬಲ್ ಮೋಟರ್ ತಂಪಾಗುವುದೇ ತನ್ನ ಸುತ್ತ ಹರಿಯುವ ನೀರಿನಿಂದ. ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದರೆ ಬೇರಿಂಗ್ ಸವೆದು, ವೈಂಡಿಂಗ್ ಸುಟ್ಟು, ಮೋಟರ್ ಮೇಲೆತ್ತುವ ಖರ್ಚು ಬೀಳುತ್ತದೆ.

ಲೆಕ್ಕ ಹೀಗೆ ಹಾಕಿ. ಒಂದು ಗಂಟೆ ಓಡಿಸಿದ ಮೇಲೆ 200 ಲೀಟರಿನ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 100 ಸೆಕೆಂಡ್ ಆದರೆ ಇಳುವರಿ ಸೆಕೆಂಡಿಗೆ 2 ಲೀಟರ್. ಓಡುವಾಗಿನ ನೀರಿನ ಮಟ್ಟದಿಂದ ತೊಟ್ಟಿಯವರೆಗೆ ಎತ್ತರ, ಪೈಪಿನ ತಿಕ್ಕಾಟ ಎಲ್ಲ ಸೇರಿ 100 ಮೀಟರ್ ಎಂದುಕೊಳ್ಳಿ. 2ನ್ನು 100ರಿಂದ ಗುಣಿಸಿ 75ರಿಂದ ಭಾಗಿಸಿದರೆ ಸುಮಾರು 2.7 ಎಚ್‌ಪಿ. ಪಂಪು ಮೋಟರಿನ ಒಟ್ಟು ಕಾರ್ಯಕ್ಷಮತೆ ಅರ್ಧದಷ್ಟು ಎಂದು ಹಿಡಿದರೂ ಐದು, ಐದೂವರೆ ಎಚ್‌ಪಿ ಸಾಕು. ದೊಡ್ಡ ಮೋಟರಿನ ದುಡ್ಡಿನಲ್ಲಿ ಮೋಟರ್ ನೀರಿಲ್ಲದೆ ಓಡುವುದನ್ನು (ಡ್ರೈ ರನ್) ತಡೆಯುವ ಪ್ಯಾನೆಲ್ ಹಾಕಿಸಿ, ಮಿಕ್ಕಿದ್ದರಲ್ಲಿ ಬೋರಿನ ಸುತ್ತ ಇಂಗುಗುಂಡಿ ತೋಡಿಸುವುದು ಒಳ್ಳೆಯದು.

ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಬಿಟ್ಟಿದ್ದೇನೆ. ಮಂಡ್ಯದ ಬೆಲ್ಲ ಆದರೆ ಪರವಾಗಿಲ್ಲ ಅಲ್ಲವೇ?

ಪರವಾಗಿಲ್ಲ ಎನ್ನುವ ಹಾಗಿಲ್ಲ. ಎರಡೂ ಬರುವುದು ಅದೇ ಕಬ್ಬಿನ ಹಾಲಿನಿಂದ. ಬಿಳಿ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಸುಕ್ರೋಸ್. ಬೆಲ್ಲದಲ್ಲಿ ಅದರ ಜೊತೆ ಒಂದಿಷ್ಟು ಗ್ಲೂಕೋಸ್, ಫ್ರಕ್ಟೋಸ್, ತೇವ, ಸ್ವಲ್ಪ ಖನಿಜ ಇರುತ್ತದೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುವುದು ಹೌದು, ಆದರೆ ಅದಕ್ಕಾಗಿ ಬೆಲ್ಲ ತಿನ್ನಬೇಕೆಂದರೆ ಜೊತೆಗೆ ನುಂಗುವ ಸಕ್ಕರೆ ವಿಪರೀತವಾಗುತ್ತದೆ. ನುಗ್ಗೆಸೊಪ್ಪು, ಕಾಳು ಆ ಕೆಲಸಕ್ಕೆ ಎಷ್ಟೋ ವಾಸಿ. ಕಪ್ಪುಬೆಲ್ಲ, ಜೋನಿಬೆಲ್ಲಕ್ಕೂ ಇದೇ ಮಾತು. ಹೈಡ್ರೋಸ್ (ಬಣ್ಣ ತಿಳಿಯಾಗಿಸಲು ಹಾಕುವ ರಾಸಾಯನಿಕ) ಹಾಕದ ಬೆಲ್ಲ ಬೇಕು ಎನ್ನುವುದು ಸರಿಯಾದ ಬೇಡಿಕೆಯೇ, ಆದರೆ ರಕ್ತದ ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಕಡೆ ಮಾತ್ರ ಸಕ್ಕರೆಯೇ ಔಷಧಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಎದೆಬಡಿತ, ಮಂಕು ಬಂದು ಮೀಟರಿನಲ್ಲಿ 70ಕ್ಕಿಂತ ಕಮ್ಮಿ ತೋರಿಸಿದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ರಾಗಿಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತಾರಲ್ಲ?

ಹೊಲದಲ್ಲಿ ದಿನವಿಡೀ ದುಡಿದವರಿಗೆ ಏರುತ್ತಿರಲಿಲ್ಲ, ಏಕೆಂದರೆ ದುಡಿಯುವ ಸ್ನಾಯು ಅದನ್ನು ಕೂಡಲೇ ಬಳಸಿಕೊಳ್ಳುತ್ತಿತ್ತು. ಕೀರ್ತಿ ರಾಗಿಗೆ ಬಂತು. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಮಿಗೆ 340 ಮಿಲಿಗ್ರಾಮಿನ ಮೇಲೆ ಸುಣ್ಣದ ಅಂಶ, ಇವೆಲ್ಲ ನಿಜವಾದ ಗುಣಗಳು. ಆದರೂ ಹಿಟ್ಟಿನ ಹೆಚ್ಚಿನ ಭಾಗ ಪಿಷ್ಟವೇ. ನುಣ್ಣಗೆ ಬೀಸಿ ಬೇಯಿಸಿದ ಮೇಲೆ ಅದು ಬೇಗ ಜೀರ್ಣವಾಗುತ್ತದೆ.

ವಾದಕ್ಕಿಂತ ಮೀಟರ್ ವಾಸಿ. ಒಂದು ದಿನ ಎರಡು ಮುದ್ದೆ ಬರೀ ಸಾರಿನೊಂದಿಗೆ, ಇನ್ನೊಂದು ದಿನ ಒಂದು ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಧಾರಾಳವಾಗಿ. ಎರಡೂ ದಿನ ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಎರಡು ಗಂಟೆಗೆ ನೋಡಿ. ಕೈ ಸೋಪಿನಿಂದ ತೊಳೆದು ಒರೆಸಿಕೊಳ್ಳಿ, ಹಣ್ಣು ಮುಟ್ಟಿದ ಬೆರಳು ಸುಳ್ಳೇ ಏರಿಸಿ ತೋರಿಸುತ್ತದೆ. ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿದರೆ ನೋವು ಕಮ್ಮಿ.

ಸುಸ್ತು ಅಂದರೆ ಒಂದು ಡ್ರಿಪ್ ಹಾಕಿಸಿದರೆ ಶಕ್ತಿ ಬರುತ್ತದೆ. ಅದರಲ್ಲಿ ಏನು ತಪ್ಪು?

ಐದು ಪ್ರತಿಶತದ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ಎರಡು ಸಣ್ಣ ಇಡ್ಲಿಯಷ್ಟು ಶಕ್ತಿ. ನಾರ್ಮಲ್ ಸಲೈನ್ ಆದರೆ ನಾಲ್ಕೂವರೆ ಗ್ರಾಂ ಉಪ್ಪು, ಶಕ್ತಿ ಸೊನ್ನೆ. ಹಾಕಿಸಿಕೊಂಡಾಗ ಹಾಯೆನಿಸುವುದು ನೀರಿನ ಕೊರತೆ ತುಂಬಿದ್ದಕ್ಕೆ, ಎರಡು ಗಂಟೆ ಮಲಗಿದ್ದಕ್ಕೆ. ಬಾಯಲ್ಲಿ ಕುಡಿಯಬಲ್ಲವರಿಗೆ ಓಆರ್‌ಎಸ್ ಸಾಕು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರಿಗೇ ಹಾಕಿ, ಗಟ್ಟಿಯಾಗಿ ಕಲಸಿದರೆ ಭೇದಿ ಹೆಚ್ಚುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಡ್ರಿಪ್ ಬೇಕಾಗುವುದು ವಾಂತಿ ನಿಲ್ಲದಿದ್ದಾಗ, ಪ್ರಜ್ಞೆ ಮಂಕಾದಾಗ, ರಕ್ತದೊತ್ತಡ ಕುಸಿದಾಗ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ. ಕಣ್ಣಾರೆ ನೋಡಿದ್ದೇವೆ.

ನೋಡಿದ್ದೀರಿ, ಹೌದು. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿ ನಿಲ್ಲುತ್ತವೆ. ಬೀಗದ ಕೈ ಹುಡುಕಿ ತರುವ ಹೊತ್ತಿಗೆ ಆ ಹೊತ್ತು ಮುಗಿದಿರುತ್ತದೆ. ಮಾಡಬೇಕಾದ್ದು: ಗಡಿಯಾರ ನೋಡಿ, ತಲೆಯ ಅಡಿಗೆ ಮಡಚಿದ ಟವೆಲ್ ಇಡಿ, ಹತ್ತಿರದ ಕಲ್ಲು, ಬೆಂಕಿ, ಕುರ್ಚಿ ಸರಿಸಿ, ಸೆಳೆತ ಸಡಿಲವಾಗುತ್ತಿದ್ದಂತೆ ಮಗ್ಗುಲಿಗೆ ಹೊರಳಿಸಿ. ಬಾಯೊಳಗೆ ಚಮಚ ತುರುಕಬೇಡಿ, ಹಲ್ಲು ಮುರಿದು ಉಸಿರುನಾಳಕ್ಕೆ ಬೀಳುತ್ತದೆ. ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ 108.

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಹೆದರಿಕೆ.

ಅದು ಹಿಂದಿನ ಲಸಿಕೆ, ಈಗ ಇಲ್ಲ. ಈಗ ತೋಳಿಗೆ, ಹೆಚ್ಚಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಒಳಪದರಕ್ಕೆ, 0, 3, 7, 28ನೇ ದಿನ. ಗಾಯವನ್ನು ನಲ್ಲಿಯಡಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಬೇಡ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ರಾತ್ರಿಯಿಡೀ ಫೋನ್ ಚಾರ್ಜಿಗೆ ಹಾಕಿದರೆ ಸಿಡಿಯುತ್ತದಾ?

ತುಂಬಿದ ಕೂಡಲೇ ಫೋನಿನೊಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ಬ್ಯಾಟರಿಯ ಶತ್ರು ಬಿಸಿ. ದಿಂಬಿನ ಅಡಿ, ಕಂಬಳಿಯೊಳಗೆ ಇಡಬೇಡಿ. ಬ್ಯಾಟರಿ ಊದಿ ಹಿಂಬದಿ ಉಬ್ಬಿದ್ದರೆ ಆ ದಿನವೇ ಬಳಸುವುದು ನಿಲ್ಲಿಸಿ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಹಿಟ್ಟು ಒಳಸೇರುತ್ತದೆ ಅಷ್ಟೇ. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಫ್ಯಾನಿನ ಗಾಳಿಗೆ ಇಡಿ, ಪೂರ್ತಿ ಒಣಗುವ ಮುನ್ನ ಚಾರ್ಜಿಗೆ ಹಾಕಬೇಡಿ.

ಆನ್‌ಲೈನ್ ಮೋಸಕ್ಕೆ ಬೀಳುವವರು ಓದುಬರಹ ಇಲ್ಲದವರು ತಾನೆ?

ಹಾಗಲ್ಲ. ನಿವೃತ್ತ ಅಧಿಕಾರಿಗಳು, ಎಂಜಿನಿಯರುಗಳು, ವೈದ್ಯರು ಕೂಡ ದೊಡ್ಡ ಮೊತ್ತ ಕಳೆದುಕೊಂಡಿದ್ದಾರೆ. ಮೋಸಗಾರರು ಕೆಣಕುವುದು ತಿಳಿವಳಿಕೆಯನ್ನಲ್ಲ, ಭಯವನ್ನು. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಎಂಬ ಹೆದರಿಕೆ, ‘ಈಗಲೇ’ ಎಂಬ ಅವಸರ, ‘ಮನೆಯಲ್ಲಿ ಯಾರಿಗೂ ಹೇಳಬೇಡಿ’ ಎಂಬ ಗುಟ್ಟು, ಈ ಮೂರೂ ಸೇರಿದಾಗ ಎಂಥವರ ವಿವೇಚನೆಯೂ ಕಟ್ಟುತ್ತದೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಅವಕಾಶ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕಟ್ ಮಾಡಿ, ಮನೆಯವರೊಬ್ಬರಿಗೆ ಜೋರಾಗಿ ಹೇಳಿ. ಗುಟ್ಟು ಒಡೆದರೆ ಬಲೆ ಹರಿಯಿತು. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಒತ್ತುವ ಅಗತ್ಯ ಇಲ್ಲವೇ ಇಲ್ಲ, ಪಿನ್ ಕೇಳಿತೆಂದರೆ ಹೋಗುವುದು ನಿಮ್ಮ ದುಡ್ಡು. ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರಿ ಮಾಯವಾಗುವ ಮೊದಲು ತಡೆಹಿಡಿಸಲು ಮೊದಲ ಗಂಟೆಯೇ ಮುಖ್ಯ.

ಅಮಾವಾಸ್ಯೆ, ಹುಣ್ಣಿಮೆ ಬಂದರೆ ನಮ್ಮ ತಮ್ಮನಿಗೆ ಮನಸ್ಸು ಕೆರಳುತ್ತದೆ. ಗಾಳಿ ಸೋಕಿದ್ದಾ?

ಅಮಾವಾಸ್ಯೆಯ ದಿನ ಕೆರಳಿದ್ದು ನೆನಪಿರುತ್ತದೆ, ಪಂಚಮಿಯಂದು ಕೆರಳಿದ್ದು ಮರೆಯುತ್ತದೆ. ಮೂರು ತಿಂಗಳು ಕ್ಯಾಲೆಂಡರಿನಲ್ಲೇ ಗುರುತು ಹಾಕಿ: ಮಾತ್ರೆ ತಪ್ಪಿದ ದಿನ, ನಿದ್ದೆ ಕೆಟ್ಟ ರಾತ್ರಿ, ಕುಡಿದ ದಿನ, ಕೆರಳಿದ ದಿನ. ಸಾಮಾನ್ಯವಾಗಿ ಕೆರಳಿಕೆ ಬೆನ್ನುಹತ್ತಿ ಬರುವುದು ಮೊದಲ ಮೂರನ್ನು. ಆ ಹಾಳೆಯನ್ನು ಮನೋವೈದ್ಯರಿಗೆ ತೋರಿಸಿ, ಬಹಳ ಉಪಯೋಗಕ್ಕೆ ಬರುತ್ತದೆ.

ಸಾಯ್ತೀನಿ ಅನ್ನುವವರು ಸಾಯುವುದಿಲ್ಲ. ಆ ಮಾತು ಎತ್ತಿದರೆ ನಾವೇ ನೆನಪು ಮಾಡಿದ ಹಾಗಲ್ಲವೇ?

ಎರಡೂ ತಪ್ಪು, ಎರಡೂ ಅಪಾಯ. ಪ್ರಾಣ ಕಳೆದುಕೊಂಡವರಲ್ಲಿ ಬಹಳ ಮಂದಿ ಮೊದಲೇ ಯಾರಿಗಾದರೂ ಸೂಚನೆ ಕೊಟ್ಟಿರುತ್ತಾರೆ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಬೇಯುತ್ತಿದ್ದದ್ದು ಹೊರಬರಲು ದಾರಿಯಾಗುತ್ತದೆ. ‘ಅಣ್ಣಾ, ಸಾಲದ ಚಿಂತೇಲಿ ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?’ ಎಂದು ಕೇಳಿ, ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ತಂದ ಔಷಧಿಯನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿಡಿ. ತೀವ್ರ ಸಂಕಟದ ಅಲೆ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ, ಖರ್ಚಿಲ್ಲ.

ಮಗುವಿಗೆ ಎರಡು ವರ್ಷ, ಮಾತು ಬಂದಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದೇವೆ. ಅವರಪ್ಪನಿಗೂ ತಡವಾಗೇ ಬಂದಿದ್ದಂತೆ. ಕಾಯಬಹುದಾ?

ತಡವಾಗಿ ಮಾತಾಡಿದ ಎಷ್ಟೋ ಮಕ್ಕಳು ತಾವಾಗಿ ಸರಿಹೋಗುತ್ತಾರೆ, ಬಜೆಗೆ ಹೆಸರು ಬಂದದ್ದು ಅವರಿಂದ. ಕಿವಿ ಕೇಳಿಸದ ಮಗುವೂ ಹೊರಗಿನಿಂದ ಹಾಗೆಯೇ ಕಾಣುತ್ತದೆ ಎಂಬುದೇ ಕಷ್ಟ. ಬಾಗಿಲು ಬಡಿದಾಗ ತಿರುಗಿತು ಎಂಬುದು ಪರೀಕ್ಷೆಯಲ್ಲ, ಅದು ನೆಲದ ಅದುರಿಗೆ, ನೆರಳಿಗೆ ತಿರುಗಿರಬಹುದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಯಂತ್ರ ಅಥವಾ ಚಿಕಿತ್ಸೆ ಶುರು. ಇದು ಒಪ್ಪಿತ ಕ್ರಮ. ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ‘ಅಮ್ಮ ಬಾ’ ಎನ್ನದಿದ್ದರೆ ಇನ್ನು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ, ಮಾತು ಎರಡನ್ನೂ ಅಲ್ಲಿ ನೋಡುತ್ತಾರೆ.

ತೊದಲುವ ಮಗನಿಗೆ ‘ನಿಧಾನವಾಗಿ ಮಾತಾಡು’ ಎಂದು ತಿದ್ದುತ್ತಲೇ ಇದ್ದೇವೆ. ಹೋಗುತ್ತಿಲ್ಲ.

ತಿದ್ದುವುದು ನಿಲ್ಲಿಸಿ. ತೊದಲು ಹೆದರಿಕೆಯಿಂದಲೋ, ಬೇರೆಯವರನ್ನು ಅಣಕಿಸಿದ್ದರಿಂದಲೋ ಬರುವುದಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ರೀತಿಯಲ್ಲಿ ಅದರ ಬೇರಿದೆ, ವಂಶದಲ್ಲೂ ಹರಿದು ಬರುತ್ತದೆ. ನಾಲಿಗೆಯ ಕೆಳಗಿನ ತಂತು ಕತ್ತರಿಸಿದರೆ, ಬಾಯಲ್ಲಿ ಬೆಣಚುಕಲ್ಲು ಇಟ್ಟರೆ ಹೋಗುವುದಿಲ್ಲ. ಎರಡರಿಂದ ಐದು ವರ್ಷದ ನಡುವೆ ಶುರುವಾಗಿ, ಹೆಚ್ಚಿನ ಮಕ್ಕಳಲ್ಲಿ ತಾನೇ ಕಳೆಯುತ್ತದೆ. ಕೆಲವರಲ್ಲಿ ಮಾತ್ರ ಉಳಿಯುತ್ತದೆ, ಅವರಲ್ಲಿ ಗಂಡುಮಕ್ಕಳೇ ಹೆಚ್ಚು. ಮಗು ಪದಕ್ಕಾಗಿ ತಡಕಾಡುವಾಗ ನೀವು ತುಂಬಿಕೊಡಬೇಡಿ, ಮುಖ ನೋಡುತ್ತ ಕಾಯಿರಿ. ನೀವೇ ನಿಧಾನವಾಗಿ, ವಾಕ್ಯದ ನಡುವೆ ಬಿಡುವು ಕೊಟ್ಟು ಮಾತಾಡಿ. ದಿನಕ್ಕೆ ಐದು ನಿಮಿಷ, ಟೀವಿ ಫೋನ್ ಇಲ್ಲದೆ, ಮಗು ಹೇಳಿದ್ದನ್ನೇ ಕೇಳಲು ಇಡಿ. ಆರು ತಿಂಗಳು ದಾಟಿದರೆ, ಮನೆತನದಲ್ಲಿ ಯಾರಿಗಾದರೂ ಇದ್ದರೆ, ಅಥವಾ ಮಾತಾಡುವಾಗ ಕಣ್ಣು ಮುಚ್ಚಿ ಕತ್ತು ಬಿಗಿಯುವುದು ಕಂಡರೆ ವಾಕ್ ಚಿಕಿತ್ಸಕರ ಹತ್ತಿರ ಕರೆದೊಯ್ಯಿರಿ. ಶಾಲೆಯ ಮೇಷ್ಟ್ರಿಗೂ ಹೇಳಿಡಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸುವಾಗ ಅವಸರ ಮಾಡದಿರಲಿ.